ಖಾಕಿ ಕಂಡರೆ ಎದ್ದು ನಿಲ್ಲುತ್ತಿದ್ದ ಕಲ್ಲಪ್ಪನವರು

ಖಾಕಿ ಬಟ್ಟೆ ಕಣ್ಣಿಗೆ ಬಿದ್ದರೆ ಸಾಕು, ನಮ್ಮ ಕಲ್ಲಪ್ಪನವರು ಎದ್ದು ನಿಂತುಬಿಡುತ್ತಿದ್ದರು. ಪೊಲೀಸರೇ ಆಗಬೇಕೆಂದಿರಲಿಲ್ಲ. ಟಪಾಲಿನವನು ಬಾಗಿಲಿಗೆ ಬಂದರೂ ಎದ್ದರು, ಬಸ್ಸಿನಲ್ಲಿ ಕಂಡಕ್ಟರ್ ಟಿಕೀಟು ಕೇಳಿದರೂ ಎದ್ದರು. ಆರಡಿ ದಾಟಿದ ಆಳು. ಬಸ್ಸಿನ ತಗಡಿಗೆ ತಲೆ ಢಣ್ಣೆಂದು ಬಡಿಯುತ್ತಿತ್ತು. ಎದ್ದೊಡನೆ ಬಲಗೈ ನೆಟ್ಟಗೆ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಅಂಗಿಯ ಒಳಗೆ, ಮೈಗೆ ತಾಗಿಕೊಂಡು, ಒಂದು ಬಟ್ಟೆಯ ಚೀಲ, ಅದರಲ್ಲಿ ಪಾಸ್‌ಪೋರ್ಟು. ಸ್ನಾನಕ್ಕೆ ಹೋದರೂ ಅದು ಬಚ್ಚಲಿನ ಗೂಟಕ್ಕೆ, ಅವರ ಕಣ್ಣೆದುರಿಗೇ. “ನಾವು ಕೊರಳಾಗ ಲಿಂಗ ಕಟ್ಟಿಕೊಂಡಂಗ ನಮ್ಮ ಅಳ್ಯಾರು ಪಾಸ್‌ಪೋರ್ಟ್ ಕಟ್ಟಿಕೊಂಡಾರ ನೋಡವಾ ಗಿರಿಜಾ” ಎಂದು ನಮ್ಮ ಅತ್ತೆ ನನಗೆ ಹೇಳಿ ನಗುತ್ತಿದ್ದರು.

ಅವರ ನಿಜವಾದ ಹೆಸರು ಕ್ಲೌಸ್. ಜರ್ಮನಿಯವರು, ಅದೂ ಗೋಡೆಯ ಆಚೆ ಇದ್ದ ಪೂರ್ವ ಜರ್ಮನಿಯವರು. ತೊಂಬತ್ತರ ದಶಕದ ಮೊದಲಲ್ಲಿ ಬೈಲಹೊಂಗಲದ ಒಂದು ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಕೂರಿಸಲು ಬಂದಿದ್ದರು. ಅಲ್ಲಿ ನನ್ನ ನಾದಿನಿ ಶಾರದಾ ನರ್ಸಾಗಿದ್ದಳು. ಯಂತ್ರ ಕೂತಿತು, ಇವರ ಮನಸ್ಸು ಮಾತ್ರ ಎದ್ದು ಹೋಗಲಿಲ್ಲ. ನಮ್ಮದು ಸವದತ್ತಿಯ ಲಿಂಗಾಯತರ ಮನೆ, ಸುಮ್ಮನೆ ಒಪ್ಪುತ್ತಾರೆಯೇ? ವರ್ಷಗಟ್ಟಲೆ ರಗಳೆ ನಡೆಯಿತು. ಕೊನೆಗೆ ಅತ್ತೆಯೇ ಸೋತು, ಮಗಳ ಲಗ್ನ ಮಾಡಿಕೊಟ್ಟರು. ಕ್ಲೌಸ್ ಎನ್ನುವುದು ಅವರ ಬಾಯಿಗೆ ಬಗ್ಗಲಿಲ್ಲ, ಕಲ್ಲಪ್ಪ ಎಂದರು. ಓಣಿಯೆಲ್ಲ ಹಾಗೇ ಕರೆಯಿತು.

ಕನ್ನಡವನ್ನು ಅವರು ಅತ್ತೆಯಿಂದಲೂ ಸಂತೆಯಿಂದಲೂ ಕಲಿತರು. ‘ರಿ’ ಹಚ್ಚದೆ ಮಾತಾಡಿದರೆ ಅವಮಾನವಾಗುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಎಮ್ಮೆಗೂ “ಸರೀರಿ ಎಮ್ಮಿಯವರ, ಸ್ವಲ್ಪ ಸರೀರಿ” ಅನ್ನುತ್ತಿದ್ದರು. ಅದು ಸರಿಯುತ್ತಿರಲಿಲ್ಲ, ಇವರು ಕೈಮುಗಿದು ಸುತ್ತುಹಾಕಿ ಬರುತ್ತಿದ್ದರು. ಅತ್ತಿಗೆಯಾದ ನಾನು ರೊಟ್ಟಿ ಬಡಿಯುವಾಗ ಮುಂದೆ ಕುಕ್ಕರಗಾಲಿನಲ್ಲಿ ಕೂತು, “ವೈನಿ, ನಿಮ್ಮ ಕೈ ಭಾಳ ಶಾಣ್ಯಾ ಅದಾವರಿ” ಅನ್ನುತ್ತಿದ್ದರು. ಅಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಆದರೂ ಅವರ ಮುಂದೆ ಅದು ನಿಲ್ಲುತ್ತಿರಲಿಲ್ಲ.

ಶಾರದಾಳಿಗೆ ನೌಕರಿ ಬಿಡುವಂತಿರಲಿಲ್ಲ, ಅವರಿಗೂ ಅಲ್ಲಿನ ಕೆಲಸ ಬಿಡುವಂತಿರಲಿಲ್ಲ. ಹೀಗಾಗಿ ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ ಎಂದು ಗೊತ್ತುಮಾಡಿಕೊಂಡರು. ಈಗ ಯಾವ ವೀಸಾದ ಮೇಲೆ ಬರುವುದು? ನಮ್ಮ ಮನೆಯವರು, ಅಂದರೆ ಶಾರದಾಳ ಅಣ್ಣ, ಹತ್ತಿ ವ್ಯಾಪಾರದವರು, ಮುಂಬೈಯವರೆಗೆ ಓಡಾಡಿದವರು. ಅವರು ವಿಚಾರಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದರು. “ಎರಡು ದಾರಿ ಅದಾವ. ಒಂದು, ಪ್ರವಾಸಿ ಅಂತ ಬರೂದು. ಯಾರೂ ಏನೂ ಕೇಳೂದಿಲ್ಲ, ಆದ್ರ ಆರು ತಿಂಗಳದೊಳಗ ಹೊಂಡಬೇಕು, ಮುಂದ ಒಂದು ದಿನಾನೂ ಹೆಚ್ಚಿಗಿ ಕೊಡೂದಿಲ್ಲ. ಇನ್ನೊಂದು, ನಮ್ಮ ದೇಶದಾಕಿ ಗಂಡ ಅಂತ ಬರೂದು. ಅದಾದ್ರ ಬೇಕಾದಾಗ ಇಲ್ಲೇ ಮುಂದ ಹಾಕಿಸ್ಕೋಬಹುದು. ಆದ್ರ ಬಂದ ಕೂಡಲೆ ಬೆಳಗಾವಿಗೆ ಹೋಗಿ ಪೊಲೀಸ್ ಕಚೇರಿಯೊಳಗ ಹೆಸರು ಬರಸಬೇಕು.”

ಪೊಲೀಸ್ ಎಂಬ ಮಾತು ಬಿದ್ದದ್ದೇ ತಡ, ಕಲ್ಲಪ್ಪನವರ ಮುಖದ ಬಣ್ಣ ಇಳಿಯಿತು. “ಬ್ಯಾಡ್ರಿ. ಪೊಲೀಸರ ಪುಸ್ತಕದಾಗ ನನ್ನ ಹೆಸರು ಬ್ಯಾಡ್ರಿ.”

ಅವರ ಅಪ್ಪನನ್ನು ಒಂದು ಮುಂಜಾನೆ ಠಾಣೆಗೆ ಕರೆದಿದ್ದರಂತೆ, ಒಂದು ಸಹಿ ಮಾಡಿ ಹೋಗಿರಿ ಎಂದು. ಅವರವ್ವ ಒಲೆಯ ಮೇಲೆ ಅಡುಗೆ ಬಿಸಿಯಾಗಿಟ್ಟು ಕಾದಳಂತೆ. ಅಪ್ಪ ಬಂದದ್ದು ಎಷ್ಟೋ ವರ್ಷದ ಮೇಲೆ. ಬಂದವನು ಮನೆಯಲ್ಲಿ ಯಾರ ಜೊತೆಗೂ ಮಾತಾಡದೆ ಸತ್ತ. ಇದನ್ನು ಕಲ್ಲಪ್ಪನವರು ತಮ್ಮ ಮುರುಕು ಕನ್ನಡದಲ್ಲಿ, ಎಲ್ಲಕ್ಕೂ ‘ರಿ’ ಹಚ್ಚಿ ಹೇಳಿದರು. “ಅಪ್ಪ ಸಹಿ ಮಾಡ್ಯಾರ್ರಿ. ಮನಿಗೆ ಬರಲಿಲ್ಲರಿ.” ಯಾರೂ ಮುಂದೆ ಒತ್ತಾಯ ಮಾಡಲಿಲ್ಲ.

ಅತ್ತೆಗೆ ಮಾತ್ರ ಅದು ಒಳಗೇ ಕುಟುಕಿತು. “ಹಂಗಾದ್ರ ನಮ್ಮ ಅಳ್ಯಾರು ಎಲ್ಲಮ್ಮನ ಗುಡ್ಡಕ್ಕ ಬಂದೋರಂಗ ಬಂದು ಹೋಗೂದೇನು? ಪ್ರವಾಸಿ ಅಂತ! ಮನಿ ಅಳಿಯಾ ಅಂತ ಸರಕಾರಕ್ಕ ಹೇಳಾಕ ಏನ್ ಧಾಡಿ?” ಎಂದು ಅಡುಗೆಮನೆಯಲ್ಲಿ ನನ್ನ ಮುಂದೆ ಗೊಣಗಿದರು.

ಹೀಗೆ ಕೆಲವು ವರ್ಷ ನಡೆಯಿತು. ದಸರೆಯ ಸುಮಾರಿಗೆ ಬರುವುದು, ಅವಧಿ ಮುಗಿಯುವ ಮೊದಲೇ, ಒಂದು ವಾರ ಕೈಯಲ್ಲಿರುವಾಗಲೇ ಹೊರಟುಬಿಡುವುದು. ಒಮ್ಮೆ ಮಧ್ಯಾಹ್ನ ಒಬ್ಬ ಪೊಲೀಸಪ್ಪ ನಮ್ಮ ಬಾಗಿಲಲ್ಲಿ ಸೈಕಲ್ ನಿಲ್ಲಿಸಿದ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಕಲ್ಲಪ್ಪನವರು ಮಾಯ. ಬಂದವನು ಮಗಳ ಲಗ್ನಪತ್ರಿಕೆ ಕೊಟ್ಟು, ಚಹಾ ಕುಡಿದು ಹೋದ. ಹುಡುಕಿದರೆ ಇವರು ಹಿತ್ತಲಲ್ಲಿ, ಹೊಟ್ಟು ತುಂಬಿದ ಕೋಣೆಯಲ್ಲಿ ಕೂತಿದ್ದಾರೆ. ತಲೆ, ಹುಬ್ಬು, ಮೀಸೆಯೆಲ್ಲ ಹೊಟ್ಟು. ನಾನು ಬಿದ್ದು ಬಿದ್ದು ನಕ್ಕೆ. ಅತ್ತೆಯೂ ನಕ್ಕರು. ಆಮೇಲೆ ಕೈಹಿಡಿದು ಎಬ್ಬಿಸಲು ಹೋದೆ. ಆ ಕೈ ತಣ್ಣಗಿತ್ತು, ಜ್ವರ ಬಂದವರ ಹಾಗೆ ನಡುಗುತ್ತಿತ್ತು. ನನ್ನ ನಗೆ ಅಲ್ಲೇ ಸತ್ತುಹೋಯಿತು.

ಆಮೇಲೆ ಒಂದು ಮಳೆಗಾಲ ರಜೆ ಹಾಕಿ ಗಂಡನ ಊರಿಗೆ ಹೋಗಿ ಬಂದ ಶಾರದಾ ಬಸುರಿಯಾದಳು. ಅದಕ್ಕೆ ಮುಂಚೆ ಎರಡು ಸಲ ಗರ್ಭ ಇಳಿದುಹೋಗಿತ್ತು, ವಯಸ್ಸೂ ಆಗಿತ್ತು. ಈ ಸಲವಾದರೂ ಕೂಸು ಕೈಗೆ ಬರುತ್ತದೋ ಇಲ್ಲವೋ ಎಂದು ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಕಲ್ಲಪ್ಪನವರು ಆ ವರ್ಷ ದಸರೆಗಿಂತ ಮುಂಚೆಯೇ ಓಡಿ ಬಂದರು. ವಾಪಸು ಹೋಗುವುದನ್ನು ಇವತ್ತು ನಾಳೆ ಎಂದು ದೂಡುತ್ತ ದೂಡುತ್ತ, ವೀಸಾದ ಕೊನೆಯ ದಿನಕ್ಕೇ ತಂದಿಟ್ಟರು. ನೋಡಿದರೆ ಹೊರಡುವ ದಿನ ಅಮಾವಾಸ್ಯೆ. ಮರುದಿನ ಯುಗಾದಿ.

“ಎಂಟು ತಿಂಗಳದ ಬಸುರಿ ಹೆಂಡತಿನ್ನ ಬಿಟ್ಟು ಅಮಾಸಿ ದಿನ ಹೊಸ್ತಿಲಾ ದಾಟೂದಾ?” ಅತ್ತೆ ಬಾಗಿಲಿಗೆ ಅಡ್ಡ ಕೂತುಬಿಟ್ಟರು. “ನಾ ಕಳಸೂದಿಲ್ಲ. ಹಬ್ಬದ ದಿನಾನೂ ಕಳಸೂದಿಲ್ಲ. ಬೇವು ಬೆಲ್ಲ ತಿಂದು ಮರುದಿನ ಹೋಗ್ರಿ.”

“ವೀಸಾ ಮುಗೀತದ್ರಿ ಅತ್ತಿಯವ್ರ.”

“ಎರಡು ದಿನಕ್ಕ ಏನಾಗ್ತದ ಬಿಡ್ರಿ ಕಲ್ಲಪ್ಪನವರ” ಎಂದು, ತಾವೇ ಬಿಡಿಸಿ ಹೇಳಿದ್ದನ್ನು ಮರೆತು, ನಮ್ಮ ಮನೆಯವರೂ ಸೇರಿಸಿದರು. ಎಸ್‌ಟಿಡಿ ಬೂತಿಗೆ ಹೋಗಿ ವಿಮಾನದ ಟಿಕೀಟನ್ನು ಮುಂದಕ್ಕೆ ಹಾಕಿಸಿ, ದೊಡ್ಡ ಕೆಲಸ ಮುಗಿಸಿದವರ ಹಾಗೆ ಎಲೆ ಅಡಿಕೆ ಹಾಕಿಕೊಂಡರು. ವೀಸಾ ಎಂದರೆ ಬಸ್ಸಿನ ಪಾಸು ಎಂದುಕೊಂಡಿದ್ದರೋ ಏನೋ! ಆದರೂ ಕಲ್ಲಪ್ಪನವರು ಚೀಲ ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದರು. ಅಷ್ಟರಲ್ಲಿ ಒಳಗಿನಿಂದ ಶಾರದಾ ನರಳಿದಳು. ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. “ಇವತ್ತೊಂದಿನ ಇರ್ರಿ. ನನಗ ಅಂಜಿಕಿ ಆಗಾಕತ್ತೈತಿ” ಎಂದಳು. ಎಂದೂ ಏನನ್ನೂ ಕೇಳದವಳು. ಕಲ್ಲಪ್ಪನವರು ಚೀಲ ಕೆಳಗಿಟ್ಟರು.

ನೋವು ಸಂಜೆಗೆ ಇಳಿಯಿತು. ಯುಗಾದಿಯ ಹೋಳಿಗೆಯನ್ನು ಕಲ್ಲಪ್ಪನವರು ಮುಟ್ಟಲಿಲ್ಲ. ಮರುದಿನ ನಮ್ಮ ಮನೆಯವರು ಬೆಳಗಾವಿಯ ಟಿಕೀಟಿನ ಏಜೆಂಟನಿಗೆ ಫೋನು ಮಾಡಿ ವೀಸಾದ ತಾರೀಖು ಹೇಳಿದಾಗ ಅವನು ಬೆಚ್ಚಿಬಿದ್ದನಂತೆ. ಪೊಲೀಸರ ಪರವಾನಗಿ ಇಲ್ಲದೆ ಹೋದರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ, ಮತ್ತೆ ಈ ದೇಶಕ್ಕೆ ಕಾಲಿಡಲು ಬಿಡಲಿಕ್ಕಿಲ್ಲ ಎಂದನಂತೆ. ಇದನ್ನು ಕೇಳಿ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಹುಟ್ಟುವ ಕೂಸು ಅಪ್ಪನ ಮುಖ ನೋಡದೆ ಬೆಳೆಯುವುದೇ? ನನ್ನ ತವರು ಕಟಕೋಳದ ಒಕ್ಕಲುತನದ ಮನೆ. ಪೊಲೀಸ್ ಕಚೇರಿಯ ಮೆಟ್ಟಿಲು ನಾನೂ ಹತ್ತಿದವಳಲ್ಲ.

“ತಪ್ಪು ನಂದು. ನಾನ ಬರ್ತೇನಿ” ಎಂದು ಅತ್ತೆ ಇಳಕಲ್ ಸೀರೆ ಉಟ್ಟು, ರೊಟ್ಟಿ ಗಂಟು ಕಟ್ಟಿಕೊಂಡು ಹೊರಟರು. ನಮ್ಮ ಮನೆಯವರು ಶಾರದಾಳ ಜೊತೆ ಮನೆಯಲ್ಲಿ ಉಳಿದರು. ಅತ್ತೆಯ ಹಿಂದೆ ನಾನು ಹೋದೆ. ಬಸ್ಸಿನಲ್ಲಿ ಕಂಡಕ್ಟರ್ ಬಂದ, ಟಿಕೀಟು ಹರಿದ, ಮುಂದೆ ಹೋದ. ಅವತ್ತು ಕಲ್ಲಪ್ಪನವರು ಏಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತೇ ಇದ್ದರು.

ಕಚೇರಿಯ ಗೇಟಿನ ಹತ್ತಿರ ಅವರು ಗಟಾರದ ಬದಿಗೆ ಹೋಗಿ ವಾಂತಿ ಮಾಡಿಕೊಂಡರು. ಒಳಗೆ ಸಾಹೇಬರ ಮುಂದೆ ನಿಂತಾಗ ಕಲಿತ ಕನ್ನಡವೆಲ್ಲ ಹಾರಿಹೋಗಿತ್ತು, ಬರೀ ತುಟಿ ಅಲುಗಿದವು. ಸಾಹೇಬರು ಪಾಸ್‌ಪೋರ್ಟ್ ತಿರುವಿ ಹಾಕಿದರು. “ಇಲ್ಲಿ ಲಗ್ನ ಆಗೇತಿ ಅಂತೀರಿ. ಪ್ರತಿ ವರ್ಷ ಪ್ರವಾಸಿ ಅಂತ ಬಂದೀರಿ. ಇದರಾಗ ಯಾವುದು ಖರೇ?”

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. “ಸಾಹೇಬ್ರ, ಅಮಾಸಿ ಇತ್ರಿ. ನಾನ ಬಾಗಲಾಗ ಅಡ್ಡ ಕುಂತೆ. ಹಿಡಿಯೂದಿದ್ರ ನನ್ನ ಹಿಡೀರಿ. ಮಗಳಿಗೆ ದಿನ ತುಂಬಾಕ ಬಂದಾವ್ರಿ.”

ಸಾಹೇಬರು ಅವರನ್ನೊಮ್ಮೆ ನೋಡಿ, ಪಾಸ್‌ಪೋರ್ಟ್ ತೆಗೆದುಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

ನಾವು ಬೆಂಚಿನ ಮೇಲೆ ಕೂತೆವು. ಕಲ್ಲಪ್ಪನವರು ಮೆಲ್ಲಗೆ ಅಂಗಿಯ ಗುಂಡಿ ಬಿಚ್ಚಿ, ಆ ಬರಿದಾದ ಚೀಲವನ್ನು ಹೊಟ್ಟೆಯಿಂದ ಬಿಡಿಸಿದರು. ಬೆರಳಿನ ಉಂಗುರ ತೆಗೆದು ಅದರಲ್ಲಿ ಹಾಕಿ, ನನ್ನ ಕೈಯಲ್ಲಿಟ್ಟರು. “ವೈನಿ, ಶಾರದಾಗ ಕೊಡ್ರಿ. ಅಡಿಗಿ ಬಿಸಿ ಇಟ್ಟು ಕಾಯಬ್ಯಾಡ ಅಂತ ಹೇಳ್ರಿ.” ಯವ್ವಾ, ಆ ಮಾತು! ಇವರನ್ನು ಇನ್ನು ಹೊರಗೆ ಬಿಡುವುದಿಲ್ಲ ಎಂದು ನಾನೂ ನಂಬಿಬಿಟ್ಟೆ.

ಸಾಹೇಬರು ಬಂದರು. ದಂಡ ಕಟ್ಟಿಸಿಕೊಂಡರು, ಒಂದು ದಪ್ಪ ಪುಸ್ತಕ ಮುಂದೆ ತಳ್ಳಿದರು. “ಇಲ್ಲಿ ಸಹಿ ಮಾಡ್ರಿ.” ಕಲ್ಲಪ್ಪನವರು ಪೆನ್ನು ಹಿಡಿದರು. ಎಡಗೈಯಿಂದ ಬಲಗೈ ಹಿಡಿದುಕೊಂಡು ಸಹಿ ಮಾಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, “ಈಗ ಮನಿಗೆ ಹೋಗಬಹುದೇನ್ರಿ?”

“ಮನಿಗಲ್ಲ, ನಿಮ್ಮ ದೇಶಕ್ಕ ಹೋಗ್ರಿ. ಮತ್ತ ವೀಸಾ ಕೊಡೂದು ಬಿಡೂದು ಅಲ್ಲಿರೂ ನಮ್ಮ ರಾಯಭಾರಿ ಕಚೇರಿಯವರ ಕೈಯಾಗ ಐತಿ.” ಸಾಹೇಬರು ಪುಸ್ತಕ ಮುಚ್ಚಿದರು. “ಕೊಟ್ರ, ಗಂಡ ಅಂತ ಬರ್ರಿ. ನನ್ನ ಹತ್ರ ಬಂದು ಹೆಸರು ಬರಸಬೇಕಾಗ್ತದ, ಅಷ್ಟ. ನಾವೇನು ತಿನ್ನೂದಿಲ್ಲ.”

ಅವರು ಹೋದ ಮೇಲೆ ಕೂಸು ಹುಟ್ಟಿತು, ಹೆಣ್ಣು. ಎಸ್‌ಟಿಡಿ ಬೂತಿನಲ್ಲಿ ಸುದ್ದಿ ಕೇಳಿ ಆ ಕಡೆ ಅವರು ಅತ್ತರು, ಈ ಕಡೆ ಶಾರದಾ ಅತ್ತಳು. ವೀಸಾ ಬೇಗ ಸಿಗಲಿಲ್ಲ. ಇಲ್ಲಿ ಹೆಚ್ಚಿಗೆ ಉಳಿದದ್ದಕ್ಕೆ ಅಲ್ಲಿ ಕಾಯಿಸಿದರು. ಸಿಗುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲೇ ಕೂಸು ಮಗ್ಗುಲಾಯಿತು, ಅಂಬೆಗಾಲಿಟ್ಟಿತು. ಕೊನೆಗೆ ಬಂದರು, ಗಂಡ ಎಂದು ಬರೆಸಿಕೊಂಡೇ ಬಂದರು. ಮಗಳನ್ನು ಎತ್ತಿಕೊಂಡವರು ಮೊದಲು ಹೇಳಿದ ಮಾತು, “ಅತ್ತಿಯವ್ರ, ಬೆಳಗಾವಿಗೆ ಹೋಗೂಣ್ರಿ. ನೀವು ಬರಬೇಕ್ರಿ.”

ಅಲ್ಲಿಂದ ಪ್ರತಿ ವರ್ಷ ಅತ್ತೆ ಅಳಿಯ ಇಬ್ಬರೂ ರೊಟ್ಟಿ ಗಂಟಿನ ಜೊತೆ ಹೋಗಿ ಹೆಸರು ಬರೆಸಿ ಬರುತ್ತಿದ್ದರು. ಅಂಜಿಕೆ ಹೋಯಿತೇ ಎಂದರೆ, ಇಲ್ಲ. ನಾನು ಅವರನ್ನು ಕೊನೆಗೆ ನೋಡಿದ್ದು ಸವದತ್ತಿಯ ಬಸ್ ನಿಲ್ದಾಣದಲ್ಲಿ. ಕಂಡಕ್ಟರ್ ಹತ್ತಿದ, ಇವರು ಎದ್ದರು, ತಲೆ ಢಣ್ಣೆಂದಿತು. ಕಿಟಕಿಯಲ್ಲಿ ಬಗ್ಗಿ ನನ್ನ ಕಡೆ ನೋಡಿ ನಕ್ಕರು. “ಹೊಟ್ಯಾಗ ಇನ್ನೂ ನಡುಗ್ತದ್ರಿ ವೈನಿ.” ಆ ಮಳೆಗಾಲದಲ್ಲಿ, ಜರ್ಮನಿಯಲ್ಲೇ, ಎದೆನೋವು ಬಂದು ತೀರಿಕೊಂಡರು. ಶಾರದಾ ಮಗಳನ್ನು ಕರೆದುಕೊಂಡು ಮಣ್ಣು ಮಾಡುವುದಕ್ಕೆ ಹೋದಳು.

ಮನೆಯಲ್ಲಿ ನಾನೂ ಅತ್ತೆಯೂ ಇದ್ದ ಒಂದು ದಿನ ಪೊಲೀಸಪ್ಪನೊಬ್ಬ ಬಂದ. ಖಾಕಿ ಕಂಡು ನಾನು ಎದ್ದು ನಿಂತೆ.

“ಕ್ಲೌಸ್ ಅನ್ನೋರು ಇಲ್ಲೇ ಇರ್ತಾರೇನ್ರಿ? ಪರವಾನಗಿ ಮುಗದೈತಿ. ಅವರು ಇಲ್ಲಿಲ್ಲಂದ್ರ ಪುಸ್ತಕದಾಗಿನ ಹೆಸರು ಹೊಡದು ಹಾಕಬೇಕು.”

“ಹೊಡೀಬ್ಯಾಡೋ ತಮ್ಮಾ” ಅಂದರು ಅತ್ತೆ. “ಅದನ್ನ ಬರಸಾಕ ನಮ್ಮ ಅಳ್ಯಾರು ಎಷ್ಟ ಅಂಜಿದ್ರು ನಿನಗ ಗೊತ್ತಿಲ್ಲ.”

ನಾನು ಸಂಗತಿ ಹೇಳಿದೆ. ಅವನು ಕೈಯಲ್ಲಿದ್ದ ಕಾಗದ ಬಿಚ್ಚಿದ. “ಹಂಗಿದ್ರ ತೀರಿಕೊಂಡಾರ ಅಂತ ಬರೀಲೇಬೇಕಾಗ್ತದವಾ, ಏನ್ ಮಾಡೂದು.”

ಅವನು ಕೂರಲೆಂದು ಅತ್ತೆ ಕಟ್ಟೆಯನ್ನು ಸೆರಗಿನಿಂದ ಒರೆಸಿದರು. “ಈ ಮನಿ ಅಳ್ಯಾರು ತೀರಿಕೊಂಡಾರ ಅಂತ ಬರಿಯಪ್ಪಾ. ಪ್ರವಾಸಿ ಅಂತ ಬರೀಬ್ಯಾಡ.”

ಪೊಲೀಸಪ್ಪ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, ಕೂತು ಬರೆದ.