ಅಂಗಿಯೊಳಗಿನ ಕೆಂಪು

ಹೊಸ ಅಂಗಿಯನ್ನು ತಿರುವಿ ನೋಡಿದವಳು ಬೆಚ್ಚಿಬಿದ್ದೆ. ಒಳಗೆ, ಬೆನ್ನಿನ ತುಂಬ, ರವಿಕೆಗೆ ಕೊಡುವ ಹಾಗೆ ಕಡು ಕೆಂಪು ಲೈನಿಂಗು! ಮೂವತ್ತು ವರ್ಷಗಳಿಂದ ನನ್ನ ರವಿಕೆ ಹೊಲಿಯುವ ನಮ್ಮೂರು ಶಿರಾಳಕೊಪ್ಪದ ಟೈಲರ್ ಬಾಷಾ ಸಾಬರಿಗೆ ನಾನು ಹೇಳಿದ್ದೇ ಬೇರೆ. ಹಕ್ಕಿ ನೋಡಲು ಅಂಡಮಾನಿನ ಕಾಡಿಗೆ ಹೊರಟಿದ್ದೇನೆ, ಗಾಢ ಬಣ್ಣ ಕಂಡರೆ ಹಕ್ಕಿಗಳು ಹಾರಿಹೋಗುತ್ತವೆ, ಎಲ್ಲವೂ ಮಣ್ಣಿನ ಬಣ್ಣವಿರಲಿ ಎಂದಿದ್ದೆ. ಗುಂಡಿ ಕೂಡ ಹೊಳೆಯಬಾರದೆಂದು ಎರಡು ಸಲ ಹೇಳಿದ್ದೆ.

"ಇದನ್ನ ಯಾರ್ರೀ ಹಾಕೋಕೆ ಹೇಳಿದ್ದು?" ಎಂದು ರೇಗಿದೆ.

ಅವರು ಹೊಲಿಗೆ ಯಂತ್ರ ನಿಲ್ಲಿಸಿದರು. "ಹೊರಗೆ ಮಣ್ಣಿನ ಬಣ್ಣನೇ ಐತಲ್ರೀ ಟೀಚರ್, ಹಕ್ಕಿಗೆ ಕಾಣಲ್ಲ. ಆದ್ರೆ ಒಬ್ರೇ ಹೊಂಟೀರಿ. ದಾರಿ ತಪ್ಪಿದ್ರೆ ಅಂಗಿ ತಿರುವಿ ಹಾಕ್ಕಳ್ರಿ. ಹುಡುಕಾಕೆ ಬಂದೋರಿಗೆ ನೀವು ಕಾಣ್ಬೇಕಲ್ರೀ?"

ಅಂಗಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ದುರ್ಬೀನು, ಮಳೆ ಕೋಟು, ಮಾತ್ರೆ, ನೋಡಲೇಬೇಕಾದ ಹಕ್ಕಿಗಳ ಪಟ್ಟಿ ಎಂದು ಎರಡು ತಿಂಗಳಿಂದ ತಯಾರಿ ನಡೆಸಿದ್ದ ನನಗೆ, ನಾನೇ ಕಳೆದುಹೋಗಬಹುದು ಎಂದು ಹೊಳೆದೇ ಇರಲಿಲ್ಲ. ಆ ಅಂಗಿಯನ್ನು ತಿರುವಿ ಹಾಕುವ ಪ್ರಸಂಗ ಬರಲಾರದು. ಆದರೆ ಗುರುತಿಲ್ಲದ ಆ ಕಾಡಿನಲ್ಲಿ ಒಬ್ಬಳೇ ನಿಂತಾಗ ನನ್ನ ಬೆನ್ನಿಗೆ ಶಿರಾಳಕೊಪ್ಪ ತಾಗಿಕೊಂಡಿರುತ್ತದೆ.