ಯಾರ ಬಾಯಿಯೂ ತಾಕದ ನೇರಳೆ ಬೀಜ

ಕಮಲಾಪುರದಲ್ಲಿ ಇನ್ನೂ ನಸುಕು. ನೇರಳೆ ಮರದಡಿ ಹಳೆ ಸೀರೆ ಹಾಸಿ, ಅರವತ್ತರ ಮೆಹಬೂಬಿ ಬಿದಿರು ಗಳದಿಂದ ಕೊಂಬೆ ಅಲ್ಲಾಡಿಸುತ್ತಿದ್ದಾರೆ. ಮಣ್ಣಿಗೆ ಬಿದ್ದ ಹಣ್ಣನ್ನು ಅವರು ಬೆತ್ತದ ಪುಟ್ಟಿಗೆ ಸೇರಿಸುವುದಿಲ್ಲ. ಮೊದಲ ಬಸ್ಸಿಗೆ ಕಲಬುರಗಿ ತಲುಪಿ, ಕೋಟೆಯ ಮುಂದೆ ಕೂತು, ಹಣ್ಣಿಗೆ ಉಪ್ಪು ಉದುರಿಸಿ ಕೊಡುತ್ತಾರೆ. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ದಡ ಮುಟ್ಟಿಸಿದ್ದು ಇದೇ ಪುಟ್ಟಿ.

ಈಗ, 2004ರ ಈ ಹಂಗಾಮಿನಲ್ಲಿ, ಅವರ ತಲೆ ಕೆಟ್ಟು ಮೊಸರುಗಡಿಗೆಯಾಗಿದೆ. ನೇರಳೆ ಬೀಜದ ಪುಡಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಟಿವಿಯವರು ಹೇಳಿದ್ದೇ ತಡ, ಅಜ್ಜಿಯರ ಮದ್ದು ಅಂಗಡಿಯ ಕಪಾಟು ಹತ್ತಿದೆ. ಹಣ್ಣಿಗಿಂತ ಬೀಜಕ್ಕೇ ಗಿರಾಕಿ ಜಾಸ್ತಿ. ಮೆಹಬೂಬಿಯೇ ಹೇಳುವಂತೆ:

"ರೋಡ್ ಹೊಲಸ ಆಗಬಾರ್ದಂತ ತಿಂದವರು ಬೀಜ ಉಗುಳಾಕ ಒಂದು ಡಬ್ಬಿ ಇಟ್ಟಿದ್ದೆರೀ. ಶಹಾಬಜಾರದಾಗ ಪುಡಿ ಮಾರೋ ಸಾವಕಾರ ಬಂದು ಆ ಬೀಜ ನನಗ ಕೊಡು ಅಂದ. ಕಸಕ್ಕೂ ಗಿರಾಕಿ ಬಂತಲ್ಲ ಅಂತ ಕೊಟ್ಟೆ. ನೆಟ್ಟಗ ತೊಳೀತಾನೋ ಇಲ್ಲೋ, ನಾ ಕೇಳಲೇ ಇಲ್ಲ."

ಎಡವಟ್ಟಾದದ್ದು ಅಲ್ಲೇ. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಅವರ ಹಳೆಯ ಗಿರಾಕಿ, ಮೆಹಬೂಬಿ 'ಅಕ್ಕಾರ' ಎಂದು ಕರೆಯುವ ಮಡಿ ಹೆಂಗಸೊಬ್ಬರಿದ್ದಾರೆ. ಅವರ ಪಾತ್ರೆಗೆ ಹಣ್ಣನ್ನು ಮೇಲಿನಿಂದಲೇ ಸುರಿಯಬೇಕು, ಕೈ ತಾಕಬಾರದು. ಮೊನ್ನೆ ಅವರು ಒಂದು ಬಾಟ್ಲಿ ತೋರಿಸಿದರು.

"ಪೂಜಿ ಆದ ಮ್ಯಾಲೆ ಮೊದಲ ಈ ಪುಡಿನೇ ತಗೋತೇನಿ, ಮೆಹಬೂಬಿ. ಭಾಳ ಶುದ್ಧ ಅದ."

ಬಾಟ್ಲಿಯ ಮೇಲೆ ಅದೇ ಸಾವಕಾರನ ಅಂಗಡಿಯ ಚಿತ್ರ!

ಊರವರ ಎಂಜಲು ಹೋಗಿ ಸೇರಿದ್ದು ಎಂಥವರ ಹೊಟ್ಟೆಗೆ! ಹೇಳಿದರೆ ಹಳೆಯ ನಂಟು ಮುರಿದೀತು, ಹೇಳದಿದ್ದರೆ ನಮಾಜಿನಲ್ಲೂ ಮನಸ್ಸು ನಿಲ್ಲದು. "ನಗಬೇಕೋ ಅಳಬೇಕೋ ಒಂದೂ ತಿಳೀವಲ್ದುರೀ."

ಸಾವಕಾರನಿಗೆ ಡಬ್ಬಿ ಕೊಡುವುದನ್ನು ಅವರು ಅಂದೇ ನಿಲ್ಲಿಸಿದರು. ಅವನು ಮುಖ ಗಂಟಿಕ್ಕಿಕೊಂಡು ಹೋದ. ಈಗ ಕಮಲಾಪುರದಲ್ಲಿ ತಾವೇ ಹಣ್ಣು ಹಿಚುಕಿ, ಬೀಜವನ್ನು ಬಾವಿ ನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಒಣಗಿಸುತ್ತಾರೆ. ಖೂಬಾ ಪ್ಲಾಟಿನ ಬಾಗಿಲವರೆಗೆ ಹೋಗಿದ್ದೂ ಉಂಟು. ಬಾಗಿಲು ಬಡಿಯದೆ ಹಾಗೇ ವಾಪಸು ಬಂದಿದ್ದಾರೆ.

ಆ ಅಕ್ಕಾರ ಭಾನುವಾರದ ಪೇಪರನ್ನು ಒಂದಕ್ಷರ ಬಿಡದೆ ಓದುತ್ತಾರಂತೆ. ಅದಕ್ಕೇ ಮೆಹಬೂಬಿ ಈ ಪುರವಣಿಗೆ ಎಲ್ಲ ಹೇಳಿಕೊಂಡಿದ್ದು. ಅವರ ಹೆಸರು ಮಾತ್ರ ಹಾಕಬೇಡಿ ಎಂದು ಕೈ ಮುಗಿದಿದ್ದಾರೆ. ಕೊನೆಗೆ ಇಷ್ಟನ್ನು ತಪ್ಪದೆ ಹಾಕಿ ಎಂದಿದ್ದಾರೆ:

"ಅಕ್ಕಾರ, ಆ ಬಾಟ್ಲಿ ಒಗದುಬಿಡ್ರಿ. ನಿಮಗಂತ ಬ್ಯಾರೆ ಬೀಜ ಒಣಗಿಸೀನಿ, ಯಾರ ಬಾಯಿನೂ ತಾಕಿಲ್ಲ. ನೀವು ಬಾಗಿಲಾ ತೆಗೀರಿ ಸಾಕು, ಮ್ಯಾಲಿಂದನೇ ಸುರೀತೀನಿ."