ಬಿಳಿಗಿರಿಯ ಗಂಟಲು

ತಿಗನಾರೆಯ ಬಿಳಿಗಿರಿ ಹಿತ್ತಲಲ್ಲಿ ನಿಂತು ಹೆಂಡತಿಯನ್ನು ನೀರು ಕೇಳಿದರೆ ಜೀರಹಳ್ಳಿಯ ಫಾರೆಸ್ಟಿನವರು ಚೊಂಬು ಹಿಡಿದು ಬರುತ್ತಾರೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಜಗಳಗಂಟ ಎನ್ನೋಣವೆಂದರೆ ಅದೂ ಅಲ್ಲ. ಹಸು ಕರು ಹಾಕಿದರೂ ಕಣ್ಣು ಒದ್ದೆ ಮಾಡಿಕೊಳ್ಳುವ ಜೀವ. ಆದರೆ ಅವನ ಹೊಲ ಇರುವುದು ಕಾಡಿನ ಅಂಚಿಗೆ. ಚಡ್ಡಿ ಹಾಕುವ ವಯಸ್ಸಿನಿಂದಲೂ ಹೊಲದ ಅಟ್ಟಣೆಯ ಮೇಲೆ ಕೂತು, ಆನೆ ಹಂದಿಗಳನ್ನು ಕೂಗಿ ಕೂಗಿ ಓಡಿಸಿ, ರಾಗಿ, ಜೋಳ ಉಳಿಸಿಕೊಂಡವನು. ಹಾಗೆ ಬೆಳೆದ ಗಂಟಲಿಗೆ, ಮನೆಗೆ ಬಂದಾಗ ಮಾತ್ರ ಸಣ್ಣಗಾಗು ಎಂದರೆ ಆಗುತ್ತದೆಯೇ, ನೀವೇ ಹೇಳಿ!

ಆ ಗಂಟಲಿನಿಂದಲೇ ಮಗಳು ಮೇಘಳಿಗೆ ಬಂದಿದ್ದ ಒಂದು ಒಳ್ಳೆಯ ಸಂಬಂಧ ಕೈತಪ್ಪಿತ್ತು. ಹೆಣ್ಣು ನೋಡಲು ಬಂದವರಿಗೆ ಬಿಳಿಗಿರಿ ಪ್ರೀತಿಯಿಂದಲೇ "ಕಾಪಿ ಕುಡೀರಿ" ಎಂದ. ಗಂಡಿನ ತಾಯಿ ಬೆಚ್ಚಿಬಿದ್ದು ಕಾಫಿಯನ್ನು ಸೀರೆಯ ಮೇಲೆ ಚೆಲ್ಲಿಕೊಂಡಳು. 'ಅಪ್ಪನೇ ಇಂಗೆ ಗದರುದ್ರ ಮಗಳು ಎಂಗಿದ್ದಾಳು' ಎಂದು ಮಾರನೆಯ ದಿನ ಹೇಳಿಕಳಿಸಿದರು. ಮೇಘ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು ಎಂದು ಬಿಳಿಗಿರಿ ಬಹಳ ದಿನ ಸಂಕಟಪಟ್ಟ.

ಈಗ ಬಂದದ್ದು ಚಾಮರಾಜನಗರದ ಸಂಬಂಧ. ಹುಡುಗ ಚಂದ್ರು; ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ತಂದೆ ಇಲ್ಲ, ತಾಯಿ ಮಾದಮ್ಮ ಒಬ್ಬಳೇ. ಮೇಘಳಿಗೆ ಹುಡುಗ ಹಿಡಿಸಿಬಿಟ್ಟಿದ್ದ. ಫೋನು ಬಂದರೆ ಅವಳು ಹಿತ್ತಲಿಗೆ ಓಡುವ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಮಧ್ಯಸ್ಥಿಕೆ ವಹಿಸಿದ್ದ ಜವರ ಒಂದು ಉಪಾಯ ಹೇಳಿದ.

"ಕಾಪಿ ಕುಡಿಯಾ ಒತ್ನಲ್ಲಿ ಯಾರ್ ಗುಣ ಯಾರ್ಗ ಗೊತ್ತಾದದು? ಮಂತ್ರಾಲಯ, ಆಂಧ್ರದ ಗುಹೆ ಎಲ್ಲಾ ತೋರ್ಸ ಟೂರ್ ಬಸ್ಸೊಂದ್ ಒಂಟದ. ಎರಡ್ ಮನೆಯೋರೂ ಬನ್ನಿ. ಬಸ್ಸಲ್ಲಿ ಜೊತ್ಗ ಕೂತ್ರ ಎಲ್ಲಾರ್ ಬಂಡವಾಳನೂ ಆಚ್ಗ ಬತ್ತದ."

ಹೊರಡುವ ಮುಂಚೆ ಹೆಂಡತಿ ಚಿಕ್ಕಲಕ್ಷ್ಮಮ್ಮ ಬಿಳಿಗಿರಿಯನ್ನು ಮೂಲೆಗೆ ಕರೆದಳು. "ನೋಡು, ಬಸ್ಸತ್ತುದ್ ಮೇಲೆ ನೀನು ಬಾಯೇ ಬುಡ್ಬ್ಯಾಡ. ಈ ಸಂಬಂಧನೂ ತಪ್ಪೋದ್ರ ಮಗಿ ಮೊಕ ನೋಡಕ್ಕಾದದಾ?"

ಬಿಳಿಗಿರಿ ತಲೆಯಾಡಿಸಿದ. ಅಲ್ಲಿಂದ ಶುರುವಾದ ತಲೆಯಾಡಿಸುವಿಕೆ ಮಂತ್ರಾಲಯ ಮುಗಿದರೂ ನಿಲ್ಲಲಿಲ್ಲ. ಚಂದ್ರು "ಊಟ ಆಯ್ತಾ ಮಾವ?" ಎಂದರೂ ತಲೆ, "ಕಿಟಕಿ ಹಾಕ್ಲಾ?" ಎಂದರೂ ತಲೆ. ಪಾಪ, ಒಳಗೆ ಮಾತು ತುಂಬಿ ಹೊಟ್ಟೆ ಉಬ್ಬರಿಸಿದಂತಾಗಿತ್ತು. ಅತ್ತ ಮಾದಮ್ಮನೂ ರೇಷ್ಮೆ ಸೀರೆಯುಟ್ಟು, ಸೆರಗನ್ನು ಬಾಯಿಗೆ ಹಿಡಿದುಕೊಂಡು, ಮಗನ ಕಿವಿಯಲ್ಲಿ ಪಿಸುಗುಟ್ಟುವುದು ಬಿಟ್ಟರೆ ತುಟಿ ಬಿಚ್ಚಲಿಲ್ಲ. ಪೇಟೆಯ ನಾಜೂಕು ಹೆಂಗಸು, ನಮ್ಮಂಥವರು ಇವಳ ಕಣ್ಣಿಗೆ ಬರುತ್ತೇವೆಯೇ ಎಂದು ಬಿಳಿಗಿರಿ ಕುಗ್ಗಿಹೋದ. ನಡುವೆ ಕೂತ ಜವರನ ಗತಿ ಯಾರಿಗೂ ಬೇಡ.

ಗುಹೆ ನೆಲದಡಿಗಿತ್ತು. ಮೆಟ್ಟಿಲಿಳಿದು ಒಳಗೆ ಹೋದಂತೆ ಸೆಕೆ ಹೆಚ್ಚಾಗಿ ಎಲ್ಲರ ಬೆನ್ನೂ ಒದ್ದೆಯಾಯಿತು. ತೆಲುಗು ಬೆರೆಸಿ ಕನ್ನಡ ಆಡುತ್ತಿದ್ದ ಗೈಡು, ಬಂಡೆಗಳ ಮೇಲೆ ಟಾರ್ಚು ಬಿಟ್ಟು ಇದು ಸಿಂಹ, ಇದು ಋಷಿಯ ಜಡೆ ಎಂದು ತೋರಿಸುತ್ತಿದ್ದ. ಬಿಳಿಗಿರಿಗೆ ಸಿಂಹ ಬದನೆಕಾಯಿಯ ಹಾಗೆ ಕಂಡರೂ ತಲೆಯಾಡಿಸಿದ. ಎಲ್ಲಕ್ಕಿಂತ ಒಳಗಿನ ಹಜಾರಕ್ಕೆ ಬಂದಾಗ ಗೈಡು, "ಈಗ ಲೈಟು ತೆಗೀತೀನಿ. ಯಾರೂ ಮಾತಾಡಬೇಡಿ. ನಿಜವಾದ ಕತ್ತಲು ನೋಡಿ" ಎಂದು ಸ್ವಿಚ್ಚು ಆರಿಸಿದ.

ಅಬ್ಬಬ್ಬಾ, ಎಂಥ ಕತ್ತಲು! ಕಣ್ಣು ಬಿಟ್ಟರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಆಗ ಬಿಳಿಗಿರಿಯ ಹಿಂದೆ ಯಾರೋ ಪ್ಲಾಸ್ಟಿಕ್ ಕವರಿಗೆ ಕೈ ಹಾಕಿದರು. ಪರಪರ ಎಂದಿತು. ಮುಸುಕಿನ ಜೋಳದ ಹೊಲಕ್ಕೆ ಹಂದಿ ನುಗ್ಗಿದಾಗ ಗರಿಗಳು ಮಾಡುವುದೂ ಅದೇ ಸದ್ದು. ಹೆಂಡತಿಯ ಮಾತು, ಮಗಳ ಮದುವೆ ಯಾವುದೂ ಅವನಿಗೆ ನೆನಪಾಗಲಿಲ್ಲ.

"ಓಓಓ... ಓಯ್!"

ಗುಹೆಯೇ ಅದುರಿತು. ಮಗುವೊಂದು ಕಿಟಾರನೆ ಕಿರುಚಿತು. ಕೆಟ್ಟೆನಲ್ಲಪ್ಪಾ ಎಂದು ಬಿಳಿಗಿರಿ ಬಾಯಿ ಮುಚ್ಚಿಕೊಳ್ಳುವುದರೊಳಗೆ, ಎದುರುಗಡೆಯ ಕತ್ತಲಿನಿಂದ ಅವನದಕ್ಕಿಂತ ಒಂದು ಕೈ ಮೇಲೆನ್ನುವ ದನಿ ಬಂತು.

"ಓಓಯ್! ಇತ್ತಗ ಏನೂ ಬಂದಿಲ್ಲ ಕಣಪ್ಪೋ!"

ಹೊಲ ಕಾಯುವವರ ರೂಢಿಯೇ ಅದು. ಒಬ್ಬ ಕೂಗಿದರೆ ಪಕ್ಕದ ಹೊಲದವನು ಓಗೊಡಬೇಕು, ಪ್ರಾಣಿ ತನ್ನ ಕಡೆ ಬಂದಿದೆಯೋ ಇಲ್ಲವೋ ಹೇಳಬೇಕು. ಗೈಡು ಗಾಬರಿಯಾಗಿ ಲೈಟು ಹಾಕಿದ. ನೋಡಿದರೆ ಸೆರಗು ಜಾರಿ, ಬಾಯಿ ತೆರೆದುಕೊಂಡೇ ನಿಂತಿದ್ದಾಳೆ ಮಾದಮ್ಮ! ಚಂದ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

"ಮೆತ್ತಗ ಮಾತಾಡವ್ವ ಅಂತ ಬಡ್ಕೊಂಡಿದ್ನಲ್ಲ" ಎಂದು ಅವನು ಗೊಣಗಿದ.

"ಸುಮ್ನಿರ್ಲಾ, ಸಾಕು ನಾನು ಮೂಗಿ ಆಗಿದ್ದು!" ಎಂದು ಮಗನನ್ನು ಗದರಿ ಮಾದಮ್ಮ ಬಿಳಿಗಿರಿಯ ಕಡೆ ತಿರುಗಿದಳು. "ಅಣ್ಣಾ, ನೀವು ಒಲ ಕಾಯೋರಾ? ಬಸ್ಸತ್ತುದಾಗ್ನಿಂದ ಮಾತೇ ಆಡ್ನಿಲ್ಲ, ಎಣ್ಣು ಕೊಡಾಕ ಮನಸಿಲ್ವೇನೋ ಅಂತ ನನ್ ಒಟ್ಟೆ ಉರ್ದೋಗಿತ್ತು."

"ಅಯ್ಯೋ, ನಾನೂ ಅಂಗೇ ಅನ್ಕಂಡಿದ್ದಿ ಕಣವ್ವಾ!" ಎಂದ ಬಿಳಿಗಿರಿ. ಇಬ್ಬರ ಮಾತೂ ಗೋಡೆಗೆ ಬಡಿದು ಮತ್ತೆ ಬಂತು. ಗೈಡು ಕೈಮುಗಿದ. ಯಾರೂ ಅವನತ್ತ ನೋಡಲಿಲ್ಲ.

ಮಾದಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಪೇಟೆ ಸೇರಾಕ್ ಮುಂಚೆ, ನಮ್ಮೆಜಮಾನ್ರು ತೀರೋದ್ಮೇಲೆ, ಈ ಮಗಿನ ಅಟ್ಟಣೆ ಮೇಲೆ ಮಲಗಿಸ್ಕಂಡು ಒಬ್ಳೇ ಒಲ ಕಾದೋಳು ನಾನು. ಸುತ್ತಾ ಬೀಳು ಬಿದ್ದಿತ್ತು. ಆನೆ ಬಂದಾಗ ಎಷ್ಟ್ ಕೂಗುದ್ರೂ ಓ ಅನ್ನೋರು ಒಬ್ರೂ ಇರ್ನಿಲ್ಲ. ಇವತ್ತು ಆ ಕತ್ಲಲ್ಲಿ ನಿಮ್ ದನಿ ಕೇಳ್ತಲ್ಲ, ಎಲ್ಲಿದ್ದೀನಿ ಅನ್ನದೇ ಮರ್ತೋಯ್ತು." ಅವಳ ಕಣ್ಣು ತುಂಬಿತ್ತು. "ನಿಮ್ ಮಗಳ್ನ ನಮ್ಮನ್ಗ ಕೊಡಿ ಅಣ್ಣಾ."

ಬಿಳಿಗಿರಿ ಮೇಘಳ ಮುಖ ನೋಡಿದ. ಅವಳು ಚಂದ್ರುವಿನ ಪಕ್ಕದಲ್ಲಿ ನಿಂತು, ನಗು ತಡೆಯಲಾರದೆ ತಲೆಯಾಡಿಸುತ್ತಿದ್ದಳು. ಬಿಳಿಗಿರಿಗೆ ಎದೆ ತುಂಬಿ ಬಂತು. ಹೇಳಬೇಕಾದ್ದು ಗಂಟಲಿನಲ್ಲೇ ಸಿಕ್ಕಿಕೊಂಡಿತು. ಕಡೆಗೆ, ತುಟಿ ಅಲುಗಿದ್ದು ಕಂಡಿತೇ ವಿನಾ ಏನೆಂದನೋ ಯಾರಿಗೂ ತಿಳಿಯಲಿಲ್ಲ.

ಚಿಕ್ಕಲಕ್ಷ್ಮಮ್ಮ ಅವನ ಬೆನ್ನಿಗೆ ಒಂದು ಗುದ್ದಿದಳು.

"ಜೋರಾಗಿ ಏಳು, ಅವ್ರ್ಗ ಕೇಳ್ನಿಲ್ಲ!"